ಶೇ. 37ರಲ್ಲಿ ನಿಂತುಹೋದ ಉಮ್ಮನ ಹೊಸಪೇಟೆ

"ಉಸ್ತಾದ್, ಪುನಃ 37ರಲ್ಲೇ ನಿಂತಿದೆ. ಎಂತ ಮಾಡುದು?"

ರಾತ್ರಿ ಹತ್ತು ಗಂಟೆಗೆ ನೆರೆಮನೆಯ ಹುಡುಗಿಯ ಫೋನು. ಈಗ ಪಿಯುಸಿ ಓದುವ ಇವಳು ಚಿಕ್ಕವಳಿದ್ದಾಗ ನಮ್ಮ ಮದ್ರಸದಲ್ಲೇ ಕಲಿತವಳು. ಮದ್ರಸದ ಹಾಜರಿ, ಮಾರ್ಕಿನ ಪಟ್ಟಿ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಮಾಡುವವರು ನಾವು. ಹಾಗಾಗಿ ಊರಿನಲ್ಲಿ ಯಾರ ಲ್ಯಾಪ್‌ಟಾಪ್ ಮುಷ್ಕರ ಹೂಡಿದರೂ ಮೊದಲ ಫೋನು ನಮಗೆ. ನಮಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಆದರೂ ಈ ಸಲ "ಬರುವ ವಾರ ನೋಡುವ" ಎಂದು ಹೇಳುವ ಹಾಗಿರಲಿಲ್ಲ.

ವಿಷಯ ಅವಳ ಅಜ್ಜಿಯದ್ದು. ಊರಿನವರೆಲ್ಲ ಅವರನ್ನು ಉಮ್ಮ ಎಂದೇ ಕರೆಯುತ್ತೇವೆ. ಮದುವೆಯಾಗಿ 1963ರಲ್ಲಿ ಹೊಸಪೇಟೆಗೆ ಹೋದವರು. ಗಂಡನಿಗೆ ಅಲ್ಲಿ ಚಾದ ಹೋಟೆಲ್. ಘಟ್ಟ ಹತ್ತಿ ಹೋಗಿ ಹೋಟೆಲ್, ಬೇಕರಿ, ಹಣ್ಣಿನ ವ್ಯಾಪಾರ ಮಾಡಿ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಮನೆಗೊಬ್ಬರು ಸಿಕ್ಕಿಯಾರು. 28 ವರ್ಷ ಅಲ್ಲಿ ಬಾಳಿ ಉಮ್ಮ ಊರಿಗೆ ಮರಳಿದರು. ಈಗ ಎಂಬತ್ತು ದಾಟಿದೆ. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಸ್ವಲ್ಪ ಬೆಳಕು ಉಂಟು, ಅದೂ ಹೆಚ್ಚು ದಿನ ಇರಲಿಕ್ಕಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. "ಒಂದು ಸಲ ಹೊಸಪೇಟೆ ನೋಡ್ಬೇಕಿತ್ತು" ಎಂಬುದು ಉಮ್ಮನ ಒಂದೇ ಮಾತು. ಕರೆದುಕೊಂಡು ಹೋಗುವ ಸ್ಥಿತಿ ಇಲ್ಲ.

ಗಲ್ಫ್‌ನಿಂದ ರಜೆಯಲ್ಲಿ ಬಂದ ಕಿರಿಯ ಮಗ ಅದಕ್ಕೊಂದು ದಾರಿ ಮಾಡಿದರು. ಹೆಂಡತಿ, ಮಗಳು, ಅಣ್ಣನ ಮಗ ಎಲ್ಲರನ್ನೂ ಕರೆದುಕೊಂಡು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿದರು. ಉಮ್ಮ ಹೆಸರೆತ್ತಿದ ಜಾಗಗಳ ಫೋಟೊ ತೆಗೆದರು. ಹಳೆಯ ಆಲ್ಬಮಿನ 46 ಫೋಟೊಗಳನ್ನು ಸ್ಕ್ಯಾನ್ ಮಾಡಿಸಿದರು. ಒಟ್ಟು 640 ಫೋಟೊ. ಎಲ್ಲ ಸೇರಿಸಿ ಒಂದು ವೀಡಿಯೊ ಮಾಡಿ ದೊಡ್ಡ ಟೀವಿಯಲ್ಲಿ ತೋರಿಸುವುದೆಂದು ತೀರ್ಮಾನ. ಶುಕ್ರವಾರ ರಾತ್ರಿ ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರುತ್ತಾರೆ. ಶನಿವಾರ ಮಗನ ವಿಮಾನ. ಫೋನು ಬಂದದ್ದು ಬುಧವಾರ ರಾತ್ರಿ.

ಹುಡುಗಿ ಮೂರು ದಿನದಿಂದ ಒದ್ದಾಡುತ್ತಿದ್ದಳು. ಫೋಟೊ ಜೋಡಿಸಿ, ಒಂದೊಂದಕ್ಕೆ ಐದು ಸೆಕೆಂಡ್ ಕೊಟ್ಟು, ಎಕ್ಸ್‌ಪೋರ್ಟ್ ಒತ್ತಿದರೆ ಶೇ. 37ರ ವರೆಗೆ ಓಡುತ್ತದೆ. ಆಮೇಲೆ ಫ್ಯಾನ್ ಕಿರುಚುತ್ತದೆ, ಪರದೆ ಬಿಳಿಚಿಕೊಳ್ಳುತ್ತದೆ, ಅಷ್ಟೇ. ಸಾಫ್ಟ್‌ವೇರ್ ತೆಗೆದು ಪುನಃ ಹಾಕಿದ್ದಾಯಿತು. ಯಾರೋ ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂದರಂತೆ. ಈ ತೊಂದರೆ ಇವಳೊಬ್ಬಳದ್ದಲ್ಲ. ಮದುವೆ, ಪ್ರವಾಸ, ಶಾಲಾ ವಾರ್ಷಿಕೋತ್ಸವ ಎಂದು ಮನೆಮನೆಯಲ್ಲೂ ಫೋಟೊಗಳ ವೀಡಿಯೊ ಮಾಡುವ ಕಾಲ ಇದು. ಆದ್ದರಿಂದ ಆ ಎರಡು ದಿನ ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೊಸಪೇಟೆ: ನಿಂತದ್ದು ಎಲ್ಲಿ?

ಮೊದಲು ನೋಡಬೇಕಾದ್ದು ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತದೆಯೇ ಎಂಬುದನ್ನು. ಒಮ್ಮೆ 20ರಲ್ಲಿ, ಒಮ್ಮೆ 60ರಲ್ಲಿ ನಿಂತರೆ ಲ್ಯಾಪ್‌ಟಾಪ್ ಬಿಸಿಯಾಗಿರಬಹುದು, ಡಿಸ್ಕ್ ತುಂಬಿರಬಹುದು, ಮೆಮೊರಿ ಸಾಲದಿರಬಹುದು. ಯಾವಾಗಲೂ ಒಂದೇ ಜಾಗದಲ್ಲಿ ನಿಂತರೆ ಆ ಜಾಗದ ಫೋಟೊದ ಮೇಲೆ ಸಂಶಯ ಪಡಬೇಕು.

ಲೆಕ್ಕ ಸುಲಭ. 640 ಫೋಟೊ, ಎಲ್ಲಕ್ಕೂ ಸಮಾನ ಸಮಯ. ಅದರ ಶೇ. 37 ಎಂದರೆ ಸುಮಾರು 237ನೆಯ ಫೋಟೊ. "ಅಲ್ಲಿ ಎಂತ ಉಂಟು ಮಗಳೇ?" ಎಂದು ಕೇಳಿದೆವು. ಹೊಸಪೇಟೆಯ ಹೊಸ ಫೋಟೊಗಳು 236ಕ್ಕೆ ಮುಗಿಯುತ್ತವೆ. ಬಸ್ ಸ್ಟ್ಯಾಂಡ್, ಕಾಲುವೆ, 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಅಣೆಕಟ್ಟು ಮತ್ತು ಅದರ 33 ಗೇಟುಗಳು ಎಲ್ಲ ಅಲ್ಲಿಗೆ ಸರಿ. 237ರಿಂದ ಶುರುವಾಗುವುದು ಆಲ್ಬಮಿನ ಹಳೆಯ ಫೋಟೊಗಳು.

ಆ ಸ್ಕ್ಯಾನ್ ಫೈಲುಗಳನ್ನು ತೆರೆದು ನೋಡಿದಾಗ ಕಾರಣ ಸಿಕ್ಕಿತು. ಅಂಗೈ ಅಗಲದ 4×6 ಇಂಚಿನ ಫೋಟೊವನ್ನು ಇಂಚಿಗೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಲಾಗಿತ್ತು. ಅಂದರೆ 4800×7200, ಸುಮಾರು ಮೂರೂವರೆ ಕೋಟಿ ಚುಕ್ಕೆ. ಕಾಪಿಡಲು ಇದು ಒಳ್ಳೆಯದೇ. ಟೀವಿಗೆ ಬೇಕಾದದ್ದು ಎಷ್ಟು? ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು 1920×1080, ಅಂದರೆ ಬರೇ 20 ಲಕ್ಷ ಚುಕ್ಕೆ.

ಇಲ್ಲಿ ತುಂಬ ಜನ ಮೋಸ ಹೋಗುವ ಒಂದು ಸಂಗತಿ ಉಂಟು. ಫೋಲ್ಡರ್‌ನಲ್ಲಿ ಒಂದು ಫೋಟೊ 4 ಎಂ.ಬಿ. ಎಂದು ಕಾಣುತ್ತದೆ. ಅದು ಮಡಚಿಟ್ಟ ಲೆಕ್ಕ. ಟ್ರಂಕಿನಲ್ಲಿ ಮಡಚಿಟ್ಟ ಸೀರೆಗೂ ಬಿಡಿಸಿ ಹರವಿದ ಸೀರೆಗೂ ಬೇಕಾಗುವ ಜಾಗ ಬೇರೆ ಅಲ್ವಾ? ಸಾಫ್ಟ್‌ವೇರ್ ಫೋಟೊವನ್ನು ತೆರೆದ ಕೂಡಲೇ ಒಂದೊಂದು ಚುಕ್ಕೆಗೂ ಸಾಮಾನ್ಯವಾಗಿ ನಾಲ್ಕು ಬೈಟ್ ಜಾಗ ಬೇಕು. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ಬಿಡಿಸಿದಾಗ 48 ಎಂ.ಬಿ. ಆಗುತ್ತದೆ. ಉಮ್ಮನ ಆಲ್ಬಮಿನ ಒಂದೊಂದು ಸ್ಕ್ಯಾನ್ 138 ಎಂ.ಬಿ. ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿದ್ದದ್ದು 8 ಜಿ.ಬಿ. ರ‍್ಯಾಮ್, ಅದರಲ್ಲಿ ಅರ್ಧವನ್ನು ವಿಂಡೋಸ್ ಮತ್ತು ತೆರೆದಿಟ್ಟ ಬ್ರೌಸರ್ ತಿಂದಿದ್ದವು. ಉಳಿದದ್ದರಲ್ಲಿ ಇಂಥ ನಲವತ್ತಾರು ಸೀರೆ ಹರವಿದರೆ ಯಾವ ಯಂತ್ರವಾದರೂ ಕುಸಿದು ಕೂರುತ್ತದೆ.

ನಮ್ಮ ಅಂದಾಜು ಸರಿಯೇ ಎಂದು ಪರೀಕ್ಷಿಸಲು ಆ 46 ಫೋಟೊಗಳನ್ನು ಮಾತ್ರ ಹೊಸ ಪ್ರಾಜೆಕ್ಟಿಗೆ ಹಾಕಿದೆವು. ನಿಂತಿತು. ಅವನ್ನು ಬಿಟ್ಟು ಉಳಿದ ಹೊಸಪೇಟೆ ಫೋಟೊ ಹಾಕಿದೆವು. ನಿಧಾನವಾಗಿ ಆದರೂ ಮುಗಿಯಿತು.

ಎಲ್ಲಿ ನಿಂತಿತು ಎಂದು ನಿಮಗೆ ಗೊತ್ತಾಗದಿದ್ದರೆ ಅರ್ಧ ಮಾಡುವ ಕ್ರಮ ಉಂಟು. ಮೊದಲ ಅರ್ಧ ಫೋಟೊ ಹಾಕಿ ಎಕ್ಸ್‌ಪೋರ್ಟ್ ಮಾಡಿ. ಸರಿಯಾದರೆ ತಪ್ಪು ಇನ್ನೊಂದು ಅರ್ಧದಲ್ಲಿದೆ. ಅದನ್ನು ಪುನಃ ಅರ್ಧ ಮಾಡಿ. ಹೀಗೆ ಹತ್ತು ಸಲ ಮಾಡಿದರೆ ಸಾವಿರ ಫೋಟೊಗಳ ನಡುವೆ ಅಡಗಿದ ಒಂದು ಕೆಟ್ಟ ಫೋಟೊವನ್ನೂ ಹಿಡಿಯಬಹುದು.

ಮೊದಲು ಅಸಲು ಕಾಪಾಡಿ

ಪರಿಹಾರ ಸ್ಪಷ್ಟ: ಫೋಟೊಗಳ ಚಿಕ್ಕ ಪ್ರತಿ ಮಾಡಬೇಕು. ಆದರೆ ಅದಕ್ಕೆ ಮುಂಚೆ ಒಂದು ಕೆಲಸ. 'ಅಸಲು' ಎಂದು ಒಂದು ಫೋಲ್ಡರ್ ಮಾಡಿ ಎಲ್ಲ ಫೋಟೊಗಳನ್ನು ಹಾಗೆಯೇ ಅದರಲ್ಲಿ ಇಡಿ. ಅದರ ಇನ್ನೊಂದು ನಕಲನ್ನು ಬೇರೆ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ ಇಡಿ. ಆಮೇಲೆ 'ಕೆಲಸಕ್ಕೆ' ಎಂಬ ಬೇರೆ ಫೋಲ್ಡರ್ ಮಾಡಿ. ಚಿಕ್ಕದು ಮಾಡಿದವು ಅದಕ್ಕೇ ಹೋಗಬೇಕು. ಅಸಲಿನ ಮೇಲೆಯೇ ಸೇವ್ ಮಾಡಿದರೆ ಹೋದ ವಿವರ ಪುನಃ ಬರುವುದಿಲ್ಲ.

ಒಂದೊಂದಾಗಿ ಚಿಕ್ಕದು ಮಾಡುತ್ತ ಕೂರಬೇಕಾಗಿಲ್ಲ. ಇರ್ಫಾನ್‌ವ್ಯೂ, ಎಕ್ಸ್‌ಎನ್‌ಕನ್ವರ್ಟ್ ಎಂಬ ಸಾಫ್ಟ್‌ವೇರ್‌ಗಳು ಮನೆಬಳಕೆಗೆ ಪುಕ್ಕಟೆ. ಅವುಗಳಲ್ಲಿ 'ಬ್ಯಾಚ್' ಎಂಬ ಸೌಲಭ್ಯ ಉಂಟು. ಉದ್ದ ಬದಿ 1920, ಅಗಲ-ಎತ್ತರದ ಪ್ರಮಾಣ ಬದಲಾಗಬಾರದು, ಜೆಪೆಗ್ ಗುಣಮಟ್ಟ 90 ಎಂದು ಕೊಟ್ಟು ಒತ್ತಿದರೆ ನೂರಾರು ಫೋಟೊಗಳು ಒಟ್ಟಿಗೆ ಚಿಕ್ಕದಾಗಿ ಹೊಸ ಫೋಲ್ಡರ್‌ಗೆ ಬಂದು ಕೂರುತ್ತವೆ. ನಮ್ಮದು ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಯಿತು.

"ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ತಾನಾಗಿ ಚಿಕ್ಕದಾಗ್ತದಲ್ಲ ಉಸ್ತಾದ್?" ಎಂದು ಹುಡುಗಿ ಕೇಳಿದಳು. ಆಗುತ್ತದೆ, ಆದರೆ ಎಷ್ಟು ಚಿಕ್ಕದಾಗಬೇಕು ಎಂಬುದು ನಮ್ಮ ಕೈಯಲ್ಲಿ ಇರುವುದಿಲ್ಲ. ದೊಡ್ಡ ಟೀವಿಯಲ್ಲಿ ಮುಖಗಳು ಮಸುಕಾಗಿ ಕಾಣಬಹುದು. ಬೇರೆಯವರಿಂದ ಫೋಟೊ ತರಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲವೇ ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ.

ಹಂಪಿ: ಒಂದರ ಮೇಲೊಂದು ಫೋಟೊ

ಹೊಸಪೇಟೆಯಿಂದ ಹಂಪಿಗೆ 12-13 ಕಿ.ಮೀ. ಆಲ್ಬಮಿನಲ್ಲಿ ಉಮ್ಮ, ಅವರ ಗಂಡ ಮತ್ತು ಮೂವರು ಮಕ್ಕಳು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಎದುರು ನಿಂತ ಒಂದು ಕಪ್ಪುಬಿಳುಪು ಫೋಟೊ ಉಂಟು. ಮಗ ಈಗ ಅದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಂಡಿದ್ದರು. ಹಳೆಯದು ಕರಗಿ ಹೊಸದು ಮೂಡುವಂತೆ ಮಾಡಬೇಕು ಎಂಬುದು ಹುಡುಗಿಯ ಆಸೆ.

ಇಂಥ ಕೆಲಸ ಹಂಪಿಗೆ ಹೊಸತಲ್ಲ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಅರುವತ್ತಕ್ಕೂ ಹೆಚ್ಚು ಚಿತ್ರ ತೆಗೆದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಪುನಃ ತೆಗೆದರು. ಗ್ರೀನ್‌ಲಾ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ. ಉಮ್ಮನ ಫೋಟೊದಲ್ಲಿ ಅದಿಲ್ಲ, ನಮ್ಮ ಜೇಬಿನ 50 ರೂಪಾಯಿ ನೋಟಿನಲ್ಲೂ ಇಲ್ಲ. ಆ ಗೋಪುರ ಇಂದು ಉಳಿದಿರುವುದು ಫೋಟೊದಲ್ಲಿ. ಅಸಲು ಕಾಪಾಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಈಗ ಕರಗಿಸುವ ವಿಷಯ. ಒಂದು ಫೋಟೊ ಇನ್ನೊಂದಕ್ಕೆ ಕರಗುವಾಗ ಯಂತ್ರ ಎರಡನ್ನೂ ಒಟ್ಟಿಗೆ ಬಿಡಿಸಿ ಹಿಡಿಯಬೇಕು. ಫೋಟೊ ನಿಧಾನವಾಗಿ ಹತ್ತಿರ ಬರುವ 'ಝೂಮ್' ಹಾಕಿದರೆ ಇನ್ನೂ ಕಷ್ಟ. ವೀಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ. ಐದು ಸೆಕೆಂಡಿನ ಒಂದು ಫೋಟೊಕ್ಕೆ 125 ಚಿತ್ರ. 640 ಫೋಟೊಗಳಿಗೆ 80,000. ಝೂಮ್ ಇದ್ದರೆ ಪ್ರತಿಯೊಂದನ್ನೂ ಹೊಸದಾಗಿ ಅಳೆದು ಕತ್ತರಿಸಬೇಕು. ಹುಡುಗಿ ಎಲ್ಲ ಫೋಟೊಗಳಿಗೂ ಝೂಮ್ ಹಾಕಿದ್ದಳು!

ನಾವು ಝೂಮ್ ತೆಗೆಸಿದೆವು. ನಿಜವಾಗಿ ಬೇಕೆನಿಸಿದ ಹತ್ತಕ್ಕೆ ಮಾತ್ರ ಉಳಿಸಿದೆವು. ಹತ್ತಿರ ತಂದಾಗ ಮಸುಕಾಗದಿರಲು ಆ ಹತ್ತನ್ನು 1920ರ ಬದಲು 2880ಕ್ಕೆ ಇಳಿಸಿದೆವು. ಆ ಹತ್ತರಲ್ಲಿ ಒಂದು ಅಹ್ಮದ್ ಖಾನನ ಮಸೀದಿ. ಎರಡನೆಯ ದೇವರಾಯನ ಕಾಲದಲ್ಲಿ, 1439ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಕನ್ನಡ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ಅದಾಗಿ ನಾಲ್ಕು ವರ್ಷಕ್ಕೆ, 1443ರಲ್ಲಿ, ಪರ್ಶಿಯಾದ ರಾಯಭಾರಿ ಅಬ್ದುರ್ರಝಾಕ್ ನಮ್ಮ ಮಂಗಳೂರಿನಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದರು. ಉಮ್ಮನೂ ಅದೇ ಘಟ್ಟ ಹತ್ತಿ ಹೋದವರೇ.

ಸಂಡೂರು: ಬೇಡದ ಮೆಗಾಪಿಕ್ಸೆಲ್

ಗುರುವಾರ ಮಧ್ಯಾಹ್ನ ಹೊಸಪೇಟೆ ಮತ್ತು ಹಂಪಿ ಮುಗಿದವು. ಸಂಡೂರಿನಲ್ಲಿ ಪುನಃ ತಡವರಿಕೆ. ಕಬ್ಬಿಣದ ಅದಿರಿನ ಬೆಟ್ಟಗಳ ಊರು ಅದು. ಅಲ್ಲಿಯ ಲಂಬಾಣಿ ಹೆಂಗಸರ ಕಸೂತಿಯ ಒಂದು ಚೀಲ ಇವತ್ತಿಗೂ ಉಮ್ಮನ ತಲೆದಿಂಬಿನ ಹತ್ತಿರ ಉಂಟು. ಆ ಕಸೂತಿಯ ಸಣ್ಣ ಸಣ್ಣ ಕನ್ನಡಿಗಳು ಚೆನ್ನಾಗಿ ಬರಲಿ ಎಂದು ಅಣ್ಣನ ಮಗ ಮೊಬೈಲನ್ನು 50 ಮೆಗಾಪಿಕ್ಸೆಲ್‌ಗೆ ಇಟ್ಟು ತೆಗೆದಿದ್ದ. ಆಮೇಲೆ ಅದನ್ನು ಹಿಂದಕ್ಕೆ ತರಲು ಮರೆತು ದಾರಿಯ ಕೆಂಪು ಧೂಳು, ಲಾರಿ, ಬೆಟ್ಟ ಎಲ್ಲವನ್ನೂ ಅದರಲ್ಲೇ ತೆಗೆದ. ಒಂದೊಂದು ಫೋಟೊ ಬಿಡಿಸಿದಾಗ 200 ಎಂ.ಬಿ. ಈ ಫೋಲ್ಡರನ್ನು ನಾವು ಚಿಕ್ಕದು ಮಾಡಲು ಮರೆತಿದ್ದೆವು. ಮಾಡಿದ ಮೇಲೆ ಸರಿಯಾಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು, ಲ್ಯಾಪ್‌ಟಾಪ್‌ನ ಹಳೆಯ ಬ್ಯಾಟರಿ ಐದು ನಿಮಿಷವೂ ನಿಲ್ಲಲಿಲ್ಲ. ಆದರೆ ಹೆಚ್ಚು ನಷ್ಟವಾಗಲಿಲ್ಲ. ನಾಲ್ಕು ಊರಿಗೆ ನಾಲ್ಕು ಪ್ರಾಜೆಕ್ಟ್ ಎಂದು ನಾವು ಮೊದಲೇ ಭಾಗ ಮಾಡಿದ್ದೆವು. ಮುಗಿದ ಎರಡು ಊರು ವೀಡಿಯೊ ಫೈಲಾಗಿ ಭದ್ರವಾಗಿದ್ದವು. ಸಂಡೂರನ್ನು ಮಾತ್ರ ಪುನಃ ಮಾಡಿದೆವು. ಎಲ್ಲ ಭಾಗಗಳಿಗೂ ಒಂದೇ ಅಳತೆ, ಸೆಕೆಂಡಿಗೆ ಒಂದೇ ಸಂಖ್ಯೆಯ ಚಿತ್ರ ಇಟ್ಟರೆ ಕೊನೆಗೆ ಜೋಡಿಸುವುದು ಕಷ್ಟವಲ್ಲ. ನೂರಕ್ಕಿಂತ ಹೆಚ್ಚು ಫೋಟೊ ಇದ್ದರೆ ಭಾಗ ಮಾಡುವುದೇ ಒಳ್ಳೆಯದು.

ಇನ್ನು ಕೆಲವು ಸಣ್ಣ ಎಚ್ಚರಿಕೆಗಳು. ಸಿ ಡ್ರೈವ್‌ನಲ್ಲಿ ಜಾಗ ಖಾಲಿ ಇರಲಿ, ಸಾಫ್ಟ್‌ವೇರ್ ಕೆಲಸದ ನಡುವೆ ತಾತ್ಕಾಲಿಕ ಫೈಲುಗಳನ್ನು ಅಲ್ಲೇ ಪೇರಿಸುವುದು ಹೆಚ್ಚು. ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ಹಾಸಿಗೆಯ ಮೇಲೆ ಇಡಬೇಡಿ, ಗಾಳಿ ಆಡದೆ ಬಿಸಿಯಾಗುತ್ತದೆ. ಫೋಟೊ ಜೋಡಿಸಿದ ಮೇಲೆ ಫೋಲ್ಡರಿನ ಹೆಸರು ಬದಲಿಸಬೇಡಿ, ಸಾಫ್ಟ್‌ವೇರ್‌ಗೆ ಫೋಟೊ ಸಿಗದೆ ಹೋಗುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ 'ಹಾರ್ಡ್‌ವೇರ್ ಎನ್‌ಕೋಡರ್' ಎಂಬ ಗುರುತು ಇದ್ದು ವೀಡಿಯೊ ನಡುವೆ ಕೆಡುತ್ತಿದ್ದರೆ ಅದನ್ನು ತೆಗೆದು ಒಮ್ಮೆ ನೋಡಿ. ಹೊತ್ತು ಹಿಡಿಯುತ್ತದೆ, ಆದರೆ ಮುಗಿಯುವ ಸಾಧ್ಯತೆ ಹೆಚ್ಚು.

ಕಂಪ್ಲಿ: ಕಪ್ಪು ಚೌಕ

ಕಂಪ್ಲಿಗೆ ಬಂದಾಗ ಬೇರೆಯೇ ತೊಂದರೆ. ಕೆಲವು ಫೋಟೊಗಳ ಜಾಗದಲ್ಲಿ ಬರೇ ಕಪ್ಪು ಚೌಕ. ಕೆಲವು ಅಡ್ಡ ಮಲಗಿವೆ.

ಕಪ್ಪಾದವು ಮಗನ ಐಫೋನಿನವು. 2017ರ ನಂತರದ ಐಫೋನ್‌ಗಳು ಸಾಮಾನ್ಯವಾಗಿ ಫೋಟೊವನ್ನು ಎಚ್‌ಇಐಸಿ ಎಂಬ ರೀತಿಯಲ್ಲಿ ಉಳಿಸುತ್ತವೆ. ಅದು ಕೆಲವು ಸಾಫ್ಟ್‌ವೇರ್‌ಗಳಿಗೆ ಅರ್ಥವಾಗುವುದಿಲ್ಲ. ಮೊದಲೇ ಜೆಪೆಗ್‌ಗೆ ಬದಲಿಸಿಕೊಳ್ಳಬೇಕು. ಅಡ್ಡ ಮಲಗಿದವು ಮೊಬೈಲನ್ನು ನಿಲ್ಲಿಸಿ ಹಿಡಿದು ತೆಗೆದವು. ಯಾವ ಕಡೆ ಮೇಲು ಎಂಬುದನ್ನು ಮೊಬೈಲ್ ಒಂದು ಚೀಟಿಯಂತೆ ಫೋಟೊದೊಳಗೆ ಬರೆದಿಡುತ್ತದೆ. ಕೆಲವು ಸಾಫ್ಟ್‌ವೇರ್ ಆ ಚೀಟಿ ಓದುವುದಿಲ್ಲ. ಬ್ಯಾಚ್ ಮಾಡುವಾಗಲೇ ತಾನಾಗಿ ತಿರುಗಿಸುವ ಆಯ್ಕೆಗೆ ಗುರುತು ಹಾಕಿದರೆ ಮುಗಿಯಿತು.

ಆ ಫೋಟೊಗಳು ಬಿಟ್ಟುಹೋಗಿದ್ದರೆ ದೊಡ್ಡ ನಷ್ಟವಾಗುತ್ತಿತ್ತು. ಅವುಗಳಲ್ಲಿದ್ದದ್ದು ಕಂಪ್ಲಿಯ ಹೊಳೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುವುದನ್ನು ಪೇಪರಿನಲ್ಲಿ ನೀವು ಓದಿರುತ್ತೀರಿ. ಉಮ್ಮನ ಗಂಡ ಹೋಟೆಲಿಗೆ ಅಕ್ಕಿ ತರಲು ಕಂಪ್ಲಿಗೆ ಹೋಗುತ್ತಿದ್ದವರು. ನೀರು ಏರಿದ ದಿನ ಅವರು ಮನೆಗೆ ಬರುವ ವರೆಗೆ ಉಮ್ಮ ಬಾಗಿಲಲ್ಲೇ ಕೂತಿರುತ್ತಿದ್ದರಂತೆ.

ಎಷ್ಟು ಫೋಟೊ ಬೇಕು?

ಗುರುವಾರ ರಾತ್ರಿ ಯಂತ್ರದ ತೊಂದರೆ ಎಲ್ಲ ಮುಗಿದಿತ್ತು. ಆಗ ನಾವು ಹುಡುಗಿಗೆ ಒಂದು ಲೆಕ್ಕ ಹೇಳಿದೆವು. 640 ಫೋಟೊಗಳಿಗೆ ಐದು ಸೆಕೆಂಡಿನಂತೆ 53 ನಿಮಿಷ. ಮಬ್ಬು ಕಣ್ಣಿನ ಒಬ್ಬ ಹಿರಿಯರಿಗೆ ಐದು ಸೆಕೆಂಡಿನಲ್ಲಿ ಏನು ಕಂಡೀತು? ಇದು ಎಲ್ಲಿಯದ್ದು ಎಂದು ನೆನಪು ಮಾಡುವಷ್ಟರಲ್ಲಿ ಮುಂದಿನದ್ದು ಬಂದಾಯಿತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೂರು ದಿನದ ಕೆಲಸ ಅಲ್ವಾ. ಆಮೇಲೆ ತಾನೇ ಕೂತು ಆರಿಸಿದಳು. ಅಣೆಕಟ್ಟಿನ ನಲವತ್ತರಲ್ಲಿ ಐದು ಉಳಿಯಿತು. ಸೆಲ್ಫಿಗಳೆಲ್ಲ ಹೋದವು. ಕೊನೆಗೆ 180 ಫೋಟೊ, ಒಂದೊಂದಕ್ಕೆ ಎಂಟು ಸೆಕೆಂಡ್, ಒಟ್ಟು 24 ನಿಮಿಷ. ಫೈಲು ಒಂದೂವರೆ ಜಿ.ಬಿ.ಯೊಳಗೆ ಬಂತು. ಟೀವಿಗೆ ಪೆನ್‌ಡ್ರೈವ್ ಹಾಕುವವರಿಗೆ ಇದೂ ಗೊತ್ತಿರಲಿ: ಹಳೆಯ ರೀತಿಯ ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿ.ಬಿ.ಗಿಂತ ದೊಡ್ಡ ಒಂದೇ ಫೈಲು ಹಿಡಿಯುವುದಿಲ್ಲ. ಜಾಗ ಖಾಲಿ ಇದ್ದರೂ ನಕಲಾಗುವುದಿಲ್ಲ.

ಶುಕ್ರವಾರ ರಾತ್ರಿ ನಮ್ಮನ್ನೂ ಕರೆದಿದ್ದರು. ಉಮ್ಮನ ಕುರ್ಚಿಯನ್ನು ಟೀವಿಯ ಹತ್ತಿರ, ಕೈಗೆ ಎಟುಕುವಷ್ಟು ಹತ್ತಿರ ಎಳೆದಿಟ್ಟಿದ್ದರು. ಅಣೆಕಟ್ಟು ಬಂತು, "ಓ ಡ್ಯಾಮ್" ಎಂದರು. ಕಲ್ಲಿನ ರಥ ಬಂತು, ನಕ್ಕರು. ಹೋಟೆಲಿನ ಹಳೆಯ ಫೋಟೊ ಬಂದಾಗ ಕೈ ಎತ್ತಿ "ನಿಲ್ಲಿಸಿ" ಎಂದರು. ಮಗ ರಿಮೋಟ್ ಒತ್ತಿದರು. ಗಲ್ಲಾದಲ್ಲಿ ಗಂಡ, ಬೆಂಚಿನಲ್ಲಿ ನಾಲ್ಕು ಜನ. ಉಮ್ಮ ಎದ್ದು ಹತ್ತಿರ ಹೋಗಿ ಒಬ್ಬೊಬ್ಬರನ್ನೂ ಬೆರಳಿನಲ್ಲಿ ಮುಟ್ಟಿ ಹೆಸರು ಹೇಳಿದರು. ಆ ಹೆಸರುಗಳು ಮಗನಿಗೂ ಗೊತ್ತಿರಲಿಲ್ಲ. ಹುಡುಗಿ ಮೆಲ್ಲನೆ ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಂಡಳು. 24 ನಿಮಿಷದ ವೀಡಿಯೊ ಮುಗಿಯುವಾಗ ಎರಡು ಗಂಟೆ ದಾಟಿತ್ತು.

ಮನೆಯಲ್ಲಿ ಹಳೆಯ ಆಲ್ಬಮ್ ಇರುವವರಿಗೆ ನಾವು ಹೇಳುವುದು ಇಷ್ಟು. ಸ್ಕ್ಯಾನ್ ಮಾಡಿಸಿ, ಅಸಲನ್ನು ಎರಡು ಕಡೆ ಇಡಿ, ಯಂತ್ರಕ್ಕೆ ಅದು ಹೊರುವಷ್ಟೇ ಕೊಡಿ. ಅದಕ್ಕೂ ಮೊದಲು ಆಲ್ಬಮನ್ನು ಮನೆಯ ಹಿರಿಯರ ಮಡಿಲಲ್ಲಿಟ್ಟು, ಫೋಟೊದಲ್ಲಿ ಇರುವವರು ಯಾರ‍್ಯಾರು ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಹೇಳಿಕೊಡುವ ಸಾಫ್ಟ್‌ವೇರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮಗ ಶನಿವಾರ ವಿಮಾನ ಹತ್ತಿದರು. ಭಾನುವಾರ ಹುಡುಗಿಯ ಫೋನು ಪುನಃ ಬಂತು. ಹೋಟೆಲಿನ ಫೋಟೊವನ್ನು ಒಂದು ನಿಮಿಷ ಮಾಡಿ, ಅದರ ಮೇಲೆ ಅಜ್ಜಿಯ ಧ್ವನಿ ಕೂರಿಸಿದ್ದಾಳಂತೆ.

"ಈ ಸಲ ಎಲ್ಲಿಯೂ ನಿಲ್ಲಲಿಲ್ಲ ಉಸ್ತಾದ್" ಎಂದಳು.